ಎಡಿಸನ್ ಮತ್ತು ಆತನ ಕಬ್ಬಿಣದ ಬ್ಯಾಟರಿ

ಥಾಮಸ್ ಆಲ್ವ ಎಡಿಸನ್ ಎಂದೊಡನೆ ನಿಮಗೆ ನೆನಪಾಗುವುದು ವಿದ್ಯುತ್ ದೀಪ. ಶಾಲೆಗೆ ಹೋಗುವ ಮಕ್ಕಳಿಗೂ ಇದು ಗೊತ್ತು. ಆದರೆ ಈತ ತನ್ನ ಬಾಳಿನ ಹತ್ತು ವರ್ಷಗಳನ್ನು ಒಂದು ಬ್ಯಾಟರಿಗಾಗಿ ಸವೆಸಿದ್ದು ಹೆಚ್ಚು ಜನಕ್ಕೆ ತಿಳಿಯದು. ಅದು ಕಾರು ಓಡಿಸಲೆಂದು ಮಾಡಿದ ಬ್ಯಾಟರಿ.

ಈಗ ನಮ್ಮ ಹಳ್ಳಿಗಳಿಗೂ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋ ಬಂದಿವೆ. ಕೊಳ್ಳುವ ಮುನ್ನ ಎಲ್ಲರೂ ಕೇಳುವುದು ಒಂದೇ ಮಾತು. ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಹೋದೀತು? ನಡುದಾರಿಯಲ್ಲಿ ನಿಂತರೆ ಗತಿಯೇನು? ನೂರಿಪ್ಪತ್ತು ವರ್ಷಕ್ಕೂ ಹಿಂದೆ ಎಡಿಸನ್ನನ ಮುಂದೆ ಇದ್ದದ್ದೂ ಇದೇ ಪ್ರಶ್ನೆ. ಆತ ಕಂಡುಕೊಂಡ ಉತ್ತರ ಇಂದಿಗೂ ನಿಮ್ಮ ಉಪಯೋಗಕ್ಕೆ ಬರುವಂಥದು.

ತರಕಾರಿ ಮಾರಿದ ಹುಡುಗ

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೊ ಸೀಮೆಯ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ಮುಂದೆ ಮನೆಯವರು ಮಿಷಿಗನ್ನಿನ ಪೋರ್ಟ್ ಹ್ಯೂರಾನ್‌ಗೆ ಬಂದು ನೆಲೆಸಿದರು. ಹುಡುಗ ಶಾಲೆಗೆ ಹೋದದ್ದು ಕೆಲವೇ ತಿಂಗಳು. ಉಪಾಧ್ಯಾಯಿನಿಯಾಗಿದ್ದ ತಾಯಿಯೇ ಮನೆಯಲ್ಲಿ ಪಾಠ ಹೇಳಿದಳು. ಅಪ್ಪನ ಜಮೀನಿನಲ್ಲಿ ತರಕಾರಿ ಬೆಳೆದು ಗಾಡಿಯಲ್ಲಿ ಊರೊಳಕ್ಕೆ ಒಯ್ದು ಮಾರಿದ. ಬಿಸಿಲಿನಲ್ಲಿ ಕಳೆ ತೆಗೆಯುವುದು ಮಾತ್ರ ಆತನಿಗೆ ಒಗ್ಗಲಿಲ್ಲ. ಹನ್ನೆರಡರ ವಯಸ್ಸಿಗೆ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರತೊಡಗಿದ. ಸಾಮಾನು ಡಬ್ಬಿಯ ಮೂಲೆಯಲ್ಲೇ ಸೀಸೆಗಳನ್ನಿಟ್ಟುಕೊಂಡು ರಸಾಯನ ಪ್ರಯೋಗ ಮಾಡಿದ. ಎಳೆಯ ವಯಸ್ಸಿನಲ್ಲೇ ಕಿವಿ ಮಂದವಾಯಿತು. ಆಮೇಲೆ ತಂತಿ ಕಚೇರಿಯ ಕೆಲಸ ಕಲಿತ. ಆಗ ತಂತಿ ನಡೆಯುತ್ತಿದ್ದುದು ಬ್ಯಾಟರಿಯಿಂದ. ಹೀಗೆ ಬ್ಯಾಟರಿಯ ಗುಣದೋಷಗಳೆಲ್ಲ ಆತನಿಗೆ ಹುಡುಗತನದಿಂದಲೇ ಪರಿಚಯ.

1877ರಲ್ಲಿ ಧ್ವನಿ ಹಿಡಿದಿಡುವ ಯಂತ್ರ, 1879ರಲ್ಲಿ ಬಹುಕಾಲ ಉರಿಯುವ ದೀಪ, 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರ. ಒಂದಾದ ಮೇಲೊಂದು ಬಂದವು. ಆದರೆ ಈ ಕೇಂದ್ರದ ಡಿ.ಸಿ. ವಿದ್ಯುತ್ತನ್ನು ಒಂದು ಮೈಲಿಗಿಂತ ಹೆಚ್ಚು ದೂರ ಒಯ್ಯುವುದು ಕಷ್ಟವಾಗಿತ್ತು. ದೂರ ಒಯ್ಯಬಲ್ಲ ಎ.ಸಿ. ವಿದ್ಯುತ್ತನ್ನು ಬೇರೆಯವರು ತಂದಾಗ ಎಡಿಸನ್ ಹಟದಿಂದ ವಿರೋಧಿಸಿದ, ಕೊನೆಗೆ ಸೋತ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಈ ಎ.ಸಿ. ವಿದ್ಯುತ್ತೇ. ತಂತಿಯಲ್ಲಿ ಎಡಿಸನ್ನನನ್ನು ಕಾಡಿದ ದೂರದ ಸಮಸ್ಯೆ ರಸ್ತೆಯಲ್ಲಿಯೂ ಬಿಡಲಿಲ್ಲ.

ಮೂರು ಬಗೆಯ ಕಾರು

1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ಸುಮಾರು 4,192. ಅದರಲ್ಲಿ ಆವಿಯವು 1,681, ಬ್ಯಾಟರಿಯವು 1,575, ಪೆಟ್ರೋಲಿನವು ಬರೀ 936. ಪೆಟ್ರೋಲ್ ಕಾರೇ ಎಲ್ಲಕ್ಕೂ ಹಿಂದೆ ಇತ್ತು ಎಂಬುದನ್ನು ಗಮನಿಸಿ. ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಅಂದಿನ ಪೆಟ್ರೋಲ್ ಕಾರನ್ನೂ ಹಾಗೆಯೇ ತಿರುಗಿಸಿ ಚಾಲೂ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಆವಿಯ ಕಾರಿಗೆ ನೀರು ಕಾಯುವ ತನಕ ತಾಳ್ಮೆ ಬೇಕಿತ್ತು. ಬ್ಯಾಟರಿ ಕಾರಿಗೆ ಹೊಗೆಯಿಲ್ಲ, ಸದ್ದಿಲ್ಲ, ಗುಂಡಿ ಒತ್ತಿದರೆ ಹೊರಟಿತು.

ಕೊರತೆ ಇದ್ದದ್ದು ಬ್ಯಾಟರಿಯಲ್ಲಿ. ಅದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಭಾರ ಹೆಚ್ಚು, ಆಯುಸ್ಸು ಕಡಿಮೆ. ಪಟ್ಟಣ ಬಿಟ್ಟರೆ ಚಾರ್ಜು ಮಾಡಲು ವಿದ್ಯುತ್ತೇ ಇರಲಿಲ್ಲ. ಅಮೆರಿಕದ ಬಹುಪಾಲು ರೈತರ ಮನೆಗಳಿಗೆ 1930ರ ದಶಕದವರೆಗೂ ವಿದ್ಯುತ್ ಬಂದಿರಲಿಲ್ಲ ಎಂದರೆ ನೀವೇ ಊಹಿಸಿ.

ಎಡಿಸನ್ನನಿಗೆ ಇದು ಮೊದಲೇ ಗೊತ್ತಿತ್ತು. 1896ರಲ್ಲಿ ನ್ಯೂಯಾರ್ಕಿನ ಒಂದು ಸಮಾರಂಭದಲ್ಲಿ, ಎಡಿಸನ್ ಹೆಸರಿನ ಡೆಟ್ರಾಯಿಟ್ ಕಂಪನಿಯ ಇಂಜಿನಿಯರ್ ಒಬ್ಬ ತಾನು ಮಾಡಿದ ಪೆಟ್ರೋಲ್ ಬಂಡಿಯ ವಿಷಯ ಹೇಳಿದ. ಆತನೇ ಹೆನ್ರಿ ಫೋರ್ಡ್. ಬ್ಯಾಟರಿ ಕಾರು ವಿದ್ಯುತ್ ಕೇಂದ್ರದ ಆಸುಪಾಸಿನಲ್ಲೇ ಇರಬೇಕಾಗುತ್ತದೆ, ನಿನ್ನ ಕೆಲಸ ಬಿಡಬೇಡ ಎಂದು ಎಡಿಸನ್ ಹುರಿದುಂಬಿಸಿದನೆಂದು ಫೋರ್ಡ್ ಮುಂದೆ ಬರೆದುಕೊಂಡಿದ್ದಾನೆ. ಇಷ್ಟು ಹೇಳಿದ ಎಡಿಸನ್ ಮೂರೇ ವರ್ಷದಲ್ಲಿ ಬ್ಯಾಟರಿಯ ಕೊರತೆ ನೀಗಿಸಲು ತಾನೇ ಹೊರಟ.

ಹತ್ತು ವರ್ಷದ ದುಡಿಮೆ

1899ರಲ್ಲಿ ಎಡಿಸನ್ನನಿಗೆ 52 ವರ್ಷ. ಆಗ್ಡೆನ್ಸ್‌ಬರ್ಗಿನ ಕಬ್ಬಿಣದ ಅದಿರಿನ ಉದ್ಯಮದಲ್ಲಿ ಗಳಿಸಿದ ಹಣವನ್ನೆಲ್ಲ ಸುರಿದು ಕೈಸುಟ್ಟುಕೊಂಡಿದ್ದ. ಆದರೂ ಹೊಸ ಕೆಲಸಕ್ಕೆ ಇಳಿದ. ಸೀಸ ಬಿಟ್ಟ, ಆಮ್ಲ ಬಿಟ್ಟ. ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ನಿಕಲ್, ನಡುವೆ ಪೊಟ್ಯಾಷಿನ ಕ್ಷಾರದ ನೀರು. ಇದೇ ಆತ ಹಿಡಿದ ದಾರಿ. ಸ್ವೀಡನ್ನಿನ ಯುಂಗ್ನರ್ ಎಂಬಾತನೂ ಅದೇ ವರ್ಷಗಳಲ್ಲಿ ಇಂಥದೇ ಪ್ರಯತ್ನದಲ್ಲಿದ್ದ. ಎಡಿಸನ್ ಸಾವಿರಾರು ಪ್ರಯೋಗ ನಡೆಸಿ, ಬ್ಯಾಟರಿ ಹೊತ್ತ ಗಾಡಿಗಳನ್ನು ಕೆಟ್ಟ ರಸ್ತೆಗಳಲ್ಲಿ ಓಡಿಸಿ ನೋಡಿ, 1903ರಲ್ಲಿ ಮಾರಾಟಕ್ಕೆ ಬಿಟ್ಟ.

ಕೊಂಡವರಿಂದ ಬೇಗನೆ ದೂರು ಬಂತು. ಕೆಲವು ಡಬ್ಬಿಗಳ ಬೆಸುಗೆ ಸೋರುತ್ತಿತ್ತು. ಕೆಲವು ಬ್ಯಾಟರಿಗಳು ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತಿದ್ದವು. ಎಡಿಸನ್ 1905ರ ಹೊತ್ತಿಗೆ ತಯಾರಿಕೆಯನ್ನೇ ನಿಲ್ಲಿಸಿದ, ಕೆಟ್ಟವನ್ನು ವಾಪಸು ತೆಗೆದುಕೊಂಡ. ಮತ್ತೆ ಮೊದಲಿನಿಂದ ಆರಂಭ. ನಿಕಲ್‌ನ ಅತಿ ತೆಳು ಚಕ್ಕೆಗಳನ್ನು ನಿಕಲ್ ಪುಡಿಯ ಜೊತೆ ಪದರಪದರವಾಗಿ ಸಣ್ಣ ಉಕ್ಕಿನ ಕೊಳವೆಗಳಲ್ಲಿ ತುಂಬಿ ನೋಡಿದ. ಕ್ಷಾರದ ನೀರಿಗೆ ಸ್ವಲ್ಪ ಲಿಥಿಯಂ ಲವಣ ಬೆರೆಸಿದಾಗ ಶಕ್ತಿ ಹೆಚ್ಚಿತು. ಇಂದಿನ ಸ್ಕೂಟರ್ ಬ್ಯಾಟರಿಯಲ್ಲಿ ಮುಖ್ಯವಾದ ಲಿಥಿಯಂ ಅಂದು ಉಪ್ಪಿನಕಾಯಿಗೆ ಹಾಕಿದ ಇಂಗಿನಷ್ಟಿತ್ತು. ಕಡೆಗೆ 1909ರಲ್ಲಿ ಗಟ್ಟಿಮುಟ್ಟಾದ ಬ್ಯಾಟರಿ ಸಿದ್ಧವಾಯಿತು.

ಬಿತ್ತನೆಯ ಹದ ತಪ್ಪಿತ್ತು

ಈ ಹತ್ತು ವರ್ಷದಲ್ಲಿ ಲೋಕ ಕಾದು ಕೂತಿರಲಿಲ್ಲ. 1901ರಲ್ಲಿ ಟೆಕ್ಸಾಸಿನಲ್ಲಿ ಎಣ್ಣೆ ಬುಗ್ಗೆಯಾಗಿ ಚಿಮ್ಮಿತು. 1908ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 850 ಡಾಲರಿಗೆ ತಂದ, ವರ್ಷ ಕಳೆದಂತೆ ಬೆಲೆ ಇಳಿಸುತ್ತಾ ಹೋದ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟವೂ ತೀರಿತು. ಸ್ಟಾರ್ಟರಿಗೆ ಒಮ್ಮೆಲೇ ಜೋರಾದ ವಿದ್ಯುತ್ ಬೇಕು. ಎಡಿಸನ್ನನ ಬ್ಯಾಟರಿಗೆ ಅದು ಆಗದು, ಚಳಿಯಲ್ಲಿ ಅದು ಇನ್ನೂ ಮಂದ. ಬೆಲೆಯೂ ಸೀಸದ ಬ್ಯಾಟರಿಗಿಂತ ಹೆಚ್ಚು. ಹಾಗಾಗಿ ಪೆಟ್ರೋಲ್ ಕಾರಿನಲ್ಲಿ ಸೀಸದ ಬ್ಯಾಟರಿಯೇ ಉಳಿಯಿತು.

ಆಗಿನ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿಗೆ 80 ಮೈಲಿ, ಎಂದರೆ ಸುಮಾರು 130 ಕಿ.ಮೀ. ಹೋಗುವುದೆಂದು ಜಾಹೀರಾತು ಇತ್ತು. ಪಟ್ಟಣದ ಹೆಂಗಸರಿಗೆ ಅದು ಮೆಚ್ಚುಗೆ. ಫೋರ್ಡನ ಪತ್ನಿ ಕ್ಲಾರಾಳೇ ಅಂಥ ಕಾರು ಓಡಿಸುತ್ತಿದ್ದಳು. 1914ರಲ್ಲಿ ಫೋರ್ಡ್ ಮತ್ತು ಎಡಿಸನ್ ಕೂಡಿ ಅಗ್ಗದ ಬ್ಯಾಟರಿ ಕಾರು ತರುವ ಯೋಜನೆ ಹಾಕಿದರು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಬೀಜ ಒಳ್ಳೆಯದೇ, ಹದ ತಪ್ಪಿತ್ತು.

ಬ್ಯಾಟರಿ ಬಾಳಿದ ಜಾಗ

ಇಷ್ಟಾದರೂ ಆತನ ಶ್ರಮ ಮಣ್ಣುಪಾಲಾಗಲಿಲ್ಲ. ಅಂಗಡಿಯ ಸಾಮಾನು ಹಂಚುವ ಲಾರಿಗಳು, ಗಣಿಯೊಳಗಿನ ಸಣ್ಣ ಇಂಜಿನ್ನುಗಳು, ಗಣಿ ಕಾರ್ಮಿಕರ ತಲೆಯ ದೀಪ, ರೈಲ್ವೆ ಸಿಗ್ನಲ್ ಇವುಗಳಿಗೆಲ್ಲ ಈ ಬ್ಯಾಟರಿ ಹೇಳಿ ಮಾಡಿಸಿದಂತಿತ್ತು. ಒರಟು ಬಳಕೆಯನ್ನು ತಡೆಯುತ್ತಿತ್ತು, ವರ್ಷಗಟ್ಟಲೆ ಬಾಳುತ್ತಿತ್ತು. ಆಗಾಗ ಶುದ್ಧ ನೀರು ಹಾಕಿದರೆ ಸಾಕು. ಎಡಿಸನ್ನನಿಗೆ ಒಳ್ಳೆಯ ಲಾಭ ತಂದ ಸರಕುಗಳಲ್ಲಿ ಇದೂ ಒಂದಾಯಿತು. ಆತ ಹೋದ ಮೇಲೂ 1970ರ ದಶಕದವರೆಗೆ ಅಮೆರಿಕದಲ್ಲಿ ಇದರ ತಯಾರಿಕೆ ನಡೆಯಿತು.

ಈ ಕೆಲಸಗಳಲ್ಲಿ ಸಾಮಾನ್ಯವಾದದ್ದು ಏನೆಂದು ನೋಡಿ. ಹಂಚುವ ಲಾರಿ ದಿನವೂ ಅದೇ ಬೀದಿಗಳನ್ನು ಸುತ್ತಿ ರಾತ್ರಿ ಅದೇ ಕೊಟ್ಟಿಗೆಗೆ ಮರಳುತ್ತದೆ. ಗಣಿಯ ಇಂಜಿನ್ನು ಸುರಂಗ ಬಿಟ್ಟು ಹೋಗದು. ದೂರ ಎಷ್ಟೆಂದು ಮೊದಲೇ ಗೊತ್ತಿದ್ದಲ್ಲಿ, ರಾತ್ರಿ ಚಾರ್ಜಿಗೆ ಜಾಗ ಇದ್ದಲ್ಲಿ ಬ್ಯಾಟರಿ ಗೆದ್ದಿತು.

ಎಡಿಸನ್ ಸುಮ್ಮನೆ ಕೂರುವ ಆಸಾಮಿಯಲ್ಲ. 1914ರ ಡಿಸೆಂಬರಿನಲ್ಲಿ ವೆಸ್ಟ್ ಆರೆಂಜಿನ ಕಾರ್ಖಾನೆಯ ಬಹುಭಾಗ ಬೆಂಕಿಗೆ ಸಿಕ್ಕಿತು. ಆಗ 67 ವರ್ಷದ ಮುದುಕ ಕೂಡಲೇ ಮರಳಿ ಕಟ್ಟಿಸಲು ಹೊರಟ. ಎಂಬತ್ತು ತುಂಬಿದ ಮೇಲೂ ಟೈರಿನ ರಬ್ಬರನ್ನು ಸ್ವದೇಶದಲ್ಲೇ ಬೆಳೆಯಬಹುದೇ ಎಂದು ಸಾವಿರಾರು ಗಿಡಗಳನ್ನು ಪರೀಕ್ಷಿಸಿದ. ಗೋಲ್ಡನ್‌ರಾಡ್ ಎಂಬ ಕಾಡುಗಿಡವನ್ನು ಆರಿಸಿ ಅದರ ತಳಿ ಸುಧಾರಿಸಿದ. 1931ರ ಅಕ್ಟೋಬರ್ 18ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡ. ಅಮೆರಿಕದಲ್ಲಿ ಆತನ ಹೆಸರಿನಲ್ಲಿದ್ದ ಪೇಟೆಂಟುಗಳು 1,093.

ನೀವು ಹಾಕಬೇಕಾದ ಲೆಕ್ಕ

ಬ್ಯಾಟರಿ ಕಾರು ಮತ್ತೆ ಬಂದಿದೆ. ನಮ್ಮ ಬೆಂಗಳೂರಿನ ರೇವಾ ಕಾರು 2001ರಲ್ಲಿ ಬಂದಾಗ ಸೀಸದ ಬ್ಯಾಟರಿಯಲ್ಲಿ ಸುಮಾರು 80 ಕಿ.ಮೀ. ಹೋಗುತ್ತಿತ್ತು. ಲಿಥಿಯಂ ಬ್ಯಾಟರಿ ಬಂದ ಮೇಲೆ ದೂರ ಬಹಳ ಹೆಚ್ಚಿದೆ. ಪೆಟ್ರೋಲ್ ಇಂಜಿನ್ನು, ಬ್ಯಾಟರಿ ಎರಡೂ ಇರುವ ಹೈಬ್ರಿಡ್ ಕಾರುಗಳೂ ಇವೆ. ಆದರೂ ಕೊಳ್ಳುವ ಮುನ್ನ ಹೀಗೆ ಮಾಡಿ.

ಹದಿನೈದು ದಿನ ನಿಮ್ಮ ಗಾಡಿ ಎಷ್ಟು ಕಿ.ಮೀ. ಓಡುತ್ತದೆಂದು ಬರೆದಿಡಿ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವ ದೂರ ಬೇಡ, ಡೇರಿಗೆ, ಸಂತೆಗೆ, ತೋಟಕ್ಕೆ ದಿನವೂ ಹೋಗಿಬರುವ ದೂರ ಸಾಕು. ಕಂಪನಿ ಹೇಳುವ ದೂರವನ್ನು ಪೂರ್ತಿ ನಂಬಬೇಡಿ. ಹೊರೆ, ಏರುದಾರಿ, ಬ್ಯಾಟರಿಯ ವಯಸ್ಸು ಇವೆಲ್ಲ ಅದನ್ನು ತಗ್ಗಿಸುತ್ತವೆ. ಮೂರನೆಯ ಒಂದು ಪಾಲನ್ನು ಕಳೆದೇ ಲೆಕ್ಕ ಹಾಕಿ. ರಾತ್ರಿ ಎಷ್ಟು ಗಂಟೆ ವಿದ್ಯುತ್ ಇರುತ್ತದೆ, ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಸರಿಯಿದೆಯೇ ಎಂದು ತಿಳಿದವರಿಂದ ನೋಡಿಸಿ. ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ, ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ಹೋಗಿ ಸಂಜೆ ಮನೆಗೆ ಬರುವ ಗಾಡಿಯಾದರೆ ಬ್ಯಾಟರಿ ನಿಮಗೆ ಹೊಂದುತ್ತದೆ. ಇಂದು ಅರಸೀಕೆರೆ, ನಾಳೆ ಹುಬ್ಬಳ್ಳಿ ಎಂದು ಬಾಡಿಗೆ ಹೊಡೆಯುವ ಗಾಡಿಯಾದರೆ ಆ ದಾರಿಯಲ್ಲಿ ಚಾರ್ಜು ಮಾಡುವ ಜಾಗಗಳನ್ನು ಗುರುತು ಹಾಕಿಕೊಂಡ ಮೇಲೆಯೇ ಮುಂಗಡ ಕೊಡಿ.