ತಂದೆಗೆ ಅರ್ಪಿಸಿದ ಚಿತ್ರ: ವಿಟ್ಟೋರಿಯೋ ಡಿ ಸಿಕಾ ಅವರ ಬದುಕು

ಇಟಲಿಯ ಚಲನಚಿತ್ರ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ‘ಬೈಸಿಕಲ್ ಥೀವ್ಸ್’. ಕಳುವಾದ ಸೈಕಲ್ಲಿಗಾಗಿ ರೋಮ್ ನಗರದ ಬೀದಿಬೀದಿ ಅಲೆಯುವ ಬಡ ತಂದೆ, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಲು ಓಡುವ ಪುಟ್ಟ ಮಗ, ಈ ಜೋಡಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆದರೆ ಅದರ ನಿರ್ದೇಶಕ ವಿಟ್ಟೋರಿಯೋ ಡಿ ಸಿಕಾ ಅವರಿಗೆ ತಮ್ಮ ಕೃತಿಗಳಲ್ಲೆಲ್ಲ ಹೆಚ್ಚಿನ ಮಮತೆ ಇದ್ದದ್ದು ಇನ್ನೊಂದು ಚಿತ್ರದ ಮೇಲೆ. ಒಬ್ಬ ನಿವೃತ್ತ ವೃದ್ಧ, ಒಬ್ಬಳು ಮನೆಗೆಲಸದ ಹುಡುಗಿ ಮತ್ತು ಒಂದು ನಾಯಿಯ ಸುತ್ತ ಹೆಣೆದ ‘ಉಂಬರ್ಟೋ ಡಿ’ ಎಂಬ ಆ ಚಿತ್ರ ಬಿಡುಗಡೆಯಾದಾಗ ನೆಲಕಚ್ಚಿತು. ಅದನ್ನು ತೆಗೆದವರ ಬದುಕಿನ ದಾರಿಯನ್ನೂ ಅದು ಬದಲಿಸಿತು. ಆ ಚಿತ್ರವನ್ನು ನಡುವೆ ಇರಿಸಿಕೊಂಡು ಡಿ ಸಿಕಾ ಅವರ ಜೀವನವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ವಿಟ್ಟೋರಿಯೋ ಅವರು ಹುಟ್ಟಿದ್ದು 1901ರ ಜುಲೈ 7ರಂದು, ರೋಮ್ ಮತ್ತು ನೇಪಲ್ಸ್ ನಗರಗಳ ನಡುವಿನ ಸೋರಾ ಎಂಬ ಸಣ್ಣ ಊರಿನಲ್ಲಿ. ತಾಯಿ ತೆರೇಸಾ ನೇಪಲ್ಸ್ ಕಡೆಯವರು. ತಂದೆಯ ಹೆಸರು ಉಂಬರ್ಟೋ ಡಿ ಸಿಕಾ. ವೃತ್ತಿಯಿಂದ ಗುಮಾಸ್ತರು, ಅಭಿರುಚಿಯಿಂದ ಕಲಾಪ್ರಿಯರು. ಸಂಸಾರ ನೇಪಲ್ಸ್, ಫ್ಲಾರೆನ್ಸ್ ಎಂದು ಊರಿಂದೂರಿಗೆ ಸಾಗಿ ಕೊನೆಗೆ ರೋಮ್ ನಗರದಲ್ಲಿ ನೆಲೆಸಿತು. ಸಂಬಳ ಸಾಲದಿದ್ದರೂ ಹೊರಗಿನವರ ಕಣ್ಣಿಗೆ ಕೊರತೆ ಕಾಣಬಾರದೆಂದು ನಡೆದುಕೊಳ್ಳುವ ಮನೆ ಅದು. ಇಸ್ತ್ರಿ ಮಾಡಿದ ಅಂಗಿಯ ಹಿಂದೆ ಇಣುಕುವ ಬಡತನವನ್ನು ವಿಟ್ಟೋರಿಯೋ ಬಾಲ್ಯದಲ್ಲೇ ಬಲ್ಲವರಾಗಿದ್ದರು. ಮಗ ಲೆಕ್ಕಪತ್ರದ ಶಿಕ್ಷಣ ಪಡೆದನಾದರೂ ಹಾಡು ಮತ್ತು ಅಭಿನಯಗಳತ್ತ ಅವನನ್ನು ಹುರಿದುಂಬಿಸಿದವರು ತಂದೆಯೇ.

1917ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗ, ಮೂಕಿ ಚಿತ್ರವೊಂದರಲ್ಲಿ ಅವರಿಗೆ ಚಿಕ್ಕ ಪಾತ್ರ ದೊರೆಯಿತು. 1923ರಲ್ಲಿ ತಾತ್ಯಾನಾ ಪಾವ್ಲೋವಾ ಎಂಬ ರಷ್ಯನ್ ಮೂಲದ ನಟಿಯ ನಾಟಕ ಕಂಪನಿಯನ್ನು ಸೇರಿ ರಂಗಭೂಮಿಯಲ್ಲಿ ಪಳಗಿದರು. 1932ರಲ್ಲಿ ಮಾರಿಯೋ ಕಾಮೆರೀನಿ ಅವರ ಚಿತ್ರವೊಂದರಲ್ಲಿ ಕಾರು ಚಾಲಕನ ಪಾತ್ರ ವಹಿಸಿ, ಒಂದು ಪ್ರೇಮಗೀತೆಯನ್ನು ಹಾಡಿದ್ದೇ ತಡ, ಇಟಲಿಯ ಮನೆಮನೆಗೆ ಪರಿಚಿತರಾದರು. ಸುಂದರ ಮುಖ, ಮಧುರ ಕಂಠ, ನಯವಾದ ನಗೆಗಳ ಈ ನಾಯಕನಟ ಮುಂದೊಂದು ದಿನ ಬಡವರ ಕಣ್ಣೀರನ್ನು ತೆರೆಗೆ ತರುವರೆಂದು ಆಗ ಯಾರೂ ಊಹಿಸಿರಲಾರರು. 1937ರಲ್ಲಿ ನಟಿ ಜುದಿತ್ತಾ ರಿಸ್ಸೋನೆ ಅವರೊಡನೆ ವಿವಾಹವಾಯಿತು. ಮರುವರ್ಷ ಮಗಳು ಎಮಿ ಹುಟ್ಟಿದಳು.

ಡಿ ಸಿಕಾ ನಿರ್ದೇಶನಕ್ಕೆ ಇಳಿದದ್ದು 1940ರಲ್ಲಿ. ಮೊದಲ ಚಿತ್ರಗಳು ಹಗುರವಾದ ಹಾಸ್ಯದವು. ಅವರ ಕಲೆಗೆ ಹೊಸ ತಿರುವು ಕೊಟ್ಟವರು ಚೆಸಾರೆ ಜವಾತ್ತೀನಿ ಎಂಬ ಲೇಖಕರು. ಸುತ್ತಲಿನ ಸಾಮಾನ್ಯರ ದಿನನಿತ್ಯದ ಬದುಕೇ ಸಿನಿಮಾಕ್ಕೆ ಸಾಕಾದ ವಸ್ತು ಎಂಬುದು ಜವಾತ್ತೀನಿ ಅವರ ದೃಢ ನಂಬಿಕೆ. ಮಹಾಯುದ್ಧದ ನಡುವೆ ಇಬ್ಬರೂ ಸೇರಿ ರೂಪಿಸಿದ ‘ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ’ ಎಂಬ ಅರ್ಥದ ಶೀರ್ಷಿಕೆಯ ಚಿತ್ರದಲ್ಲಿ, ಒಡೆದುಹೋಗುತ್ತಿರುವ ಸಂಸಾರವೊಂದನ್ನು ಪುಟ್ಟ ಬಾಲಕನ ಕಣ್ಣಿನಿಂದ ತೋರಿಸಲಾಗಿದೆ. ದೊಡ್ಡವರು ಮತ್ತು ಚಿಕ್ಕವರು ಒಬ್ಬರನ್ನೊಬ್ಬರು ನೋಡುವ ಬಗೆಯನ್ನು ಡಿ ಸಿಕಾ ಅಲ್ಲಿಂದ ಮುಂದೆ ಎಂದೂ ಕೈಬಿಡಲಿಲ್ಲ.

ಜರ್ಮನ್ ಸೇನೆ ರೋಮ್ ನಗರವನ್ನು ಆಕ್ರಮಿಸಿದ್ದ ಕಾಲದಲ್ಲಿ ಡಿ ಸಿಕಾ ಅವರು ವ್ಯಾಟಿಕನ್ ಬೆಂಬಲದಿಂದ ‘ಸ್ವರ್ಗದ ಬಾಗಿಲು’ ಎಂಬ ಅರ್ಥದ ಚಿತ್ರವೊಂದನ್ನು ಕೈಗೆತ್ತಿಕೊಂಡರು. ಸಂತ ಪೌಲರ ಮಹಾದೇವಾಲಯದಲ್ಲಿ ಚಿತ್ರೀಕರಣದ ನೆಪದಲ್ಲಿ ಯಹೂದಿಗಳೂ ಸೇರಿದಂತೆ ಅನೇಕ ನಿರಾಶ್ರಿತರು ಆಶ್ರಯ ಪಡೆದರು. ರೋಮ್ ಬಿಡುಗಡೆಯಾಗುವವರೆಗೆ ಚಿತ್ರೀಕರಣವನ್ನು ಬೇಕೆಂದೇ ಎಳೆಯಲಾಯಿತೆಂಬ ಮಾತು ಪ್ರಸಿದ್ಧವಾಗಿದೆ.

ಯುದ್ಧ ಮುಗಿದ ಮೇಲೆ ಬಂದ ಮೊದಲ ಮಹತ್ವದ ಕೃತಿ 1946ರ ‘ಶೂಶೈನ್’. ಸೈನಿಕರ ಬೂಟಿಗೆ ಪಾಲಿಶ್ ಹಾಕಿ ಕೂಡಿಟ್ಟ ಹಣದಲ್ಲಿ ಕುದುರೆಯೊಂದನ್ನು ಕೊಳ್ಳುವ ಇಬ್ಬರು ಹುಡುಗರ ಸ್ನೇಹ ಬಾಲಾಪರಾಧಿಗಳ ಸೆರೆಮನೆಯಲ್ಲಿ ಮುರಿದುಬೀಳುವ ಕಥೆ ಅದು. ಇಟಲಿಯಲ್ಲಿ ಹಣ ತರದ ಆ ಚಿತ್ರಕ್ಕೆ ಅಮೆರಿಕದ ಅಕಾಡೆಮಿ 1948ರಲ್ಲಿ ವಿಶೇಷ ಆಸ್ಕರ್ ಗೌರವ ನೀಡಿತು. ಅದೇ ವರ್ಷ ‘ಬೈಸಿಕಲ್ ಥೀವ್ಸ್’ ತೆರೆಕಂಡಿತು. ಹಾಲಿವುಡ್ಡಿನ ಹೆಸರಾಂತ ನಿರ್ಮಾಪಕರೊಬ್ಬರು ತಾರಾನಟ ಕ್ಯಾರಿ ಗ್ರ್ಯಾಂಟ್ ನಾಯಕನಾಗುವುದಾದರೆ ಹಣ ಹೂಡುವುದಾಗಿ ಮುಂದೆ ಬಂದರೂ ಡಿ ಸಿಕಾ ಒಪ್ಪಲಿಲ್ಲ. ಲ್ಯಾಂಬರ್ಟೋ ಮಾಜೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನು ತಂದೆಯ ಪಾತ್ರಕ್ಕೆ ಆರಿಸಿದರು. ಚಿತ್ರೀಕರಣ ನೋಡಲು ಬೀದಿಯಲ್ಲಿ ನಿಂತಿದ್ದ ಎಂಜೋ ಸ್ತಯೋಲಾ ಎಂಬ ಬಾಲಕ ಮಗನಾದ. ಮಗುವಿನ ನಡಿಗೆಯನ್ನು ಕಂಡೇ ನಿರ್ದೇಶಕರು ಆರಿಸಿದರಂತೆ. ಕೊನೆಯ ದೃಶ್ಯದಲ್ಲಿ ತಾನೇ ಸೈಕಲ್ ಕದ್ದು ಸಿಕ್ಕಿಬಿದ್ದ ತಂದೆಯ ಅವಮಾನವನ್ನು ಕಣ್ಣಾರೆ ಕಂಡ ಆ ಮಗು ಮೆಲ್ಲನೆ ತಂದೆಯ ಕೈ ಹಿಡಿಯುತ್ತದೆ. ಆ ಕ್ಷಣದಲ್ಲಿ ಆಸರೆಯಾಗುವವನು ಮಗನೇ ಆಗುತ್ತಾನೆ.

ಈ ಚಿತ್ರವೂ ವಿಶೇಷ ಆಸ್ಕರ್ ಪಡೆಯಿತು. 1951ರ ‘ಮಿರಾಕಲ್ ಇನ್ ಮಿಲಾನ್’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಹೀಗೆ ಕೀರ್ತಿಯ ಶಿಖರದಲ್ಲಿದ್ದಾಗ ಡಿ ಸಿಕಾ ಅವರು ಯಾರೂ ಹಣ ಹಾಕಲು ಹಿಂಜರಿಯುವಂಥ ವಸ್ತುವನ್ನು ಆರಿಸಿಕೊಂಡರು. ನಿರ್ಮಾಣದಲ್ಲಿ ಸ್ವತಃ ಪಾಲುದಾರರೂ ಆದರು.

‘ಉಂಬರ್ಟೋ ಡಿ’ ಚಿತ್ರದ ನಾಯಕ ಉಂಬರ್ಟೋ ದೊಮೆನಿಕೋ ಫೆರಾರಿ ಜೀವನವಿಡೀ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಪಿಂಚಣಿ ಕರಗಿಹೋಗಿದೆ. ಪಿಂಚಣಿದಾರರ ಮೆರವಣಿಗೆಯನ್ನು ಪೊಲೀಸರು ಚದುರಿಸುವ ದೃಶ್ಯದಿಂದಲೇ ಚಿತ್ರ ಆರಂಭವಾಗುತ್ತದೆ. ಬಾಡಿಗೆ ಬಾಕಿ ಉಳಿದಿದೆ. ಮನೆಯೊಡತಿ ಆತನನ್ನು ಹೊರಹಾಕುವ ಹಟ ತೊಟ್ಟಿದ್ದಾಳೆ. ಆತ ಹೊರಗೆ ಹೋದಾಗ ಅದೇ ಕೋಣೆಯನ್ನು ಜೋಡಿಗಳಿಗೆ ಗಂಟೆಯ ಲೆಕ್ಕದಲ್ಲಿ ಕೊಡುತ್ತಾಳೆ. ಗಡಿಯಾರ ಹೋಯಿತು, ಪುಸ್ತಕಗಳೂ ಹೋದವು. ಉಳಿದದ್ದು ಫ್ಲೈಕ್ ಎಂಬ ನಾಯಿ ಮತ್ತು ಆ ಮನೆಯಲ್ಲಿ ಕೆಲಸಕ್ಕಿರುವ ಮರಿಯಾ ಎಂಬ ಹಳ್ಳಿಯ ಹುಡುಗಿ.

ಮರಿಯಾಳಿಗೂ ಸಂಕಟ ಕಡಿಮೆಯಿಲ್ಲ. ಮದುವೆಯಾಗದೆ ಗರ್ಭಿಣಿಯಾಗಿದ್ದಾಳೆ, ಸಿಪಾಯಿಗಳಿಬ್ಬರಲ್ಲಿ ಯಾರೂ ಹೊಣೆ ಹೊರಲು ಸಿದ್ಧರಿಲ್ಲ. ಒಡತಿಗೆ ತಿಳಿದ ದಿನ ಕೆಲಸ ಹೋಗುತ್ತದೆ. ಈ ಗುಟ್ಟನ್ನು ಅವಳು ಹೇಳಿಕೊಳ್ಳುವುದು ಆ ವೃದ್ಧನ ಬಳಿ ಮಾತ್ರ. ಆತ ಗದರಿಸುವುದಿಲ್ಲ, ಏನು ಮಾಡಬೇಕೆಂದು ತೋಚದೆ ವ್ಯಾಕರಣ ಕಲಿಯಬೇಕೆಂದು ಬುದ್ಧಿ ಹೇಳುತ್ತಾನೆ. ಆತ ಜ್ವರದಿಂದ ಮಲಗಿದಾಗ ವಿಚಾರಿಸಿಕೊಳ್ಳುವವಳು ಅವಳೇ, ಆಸ್ಪತ್ರೆಗೆ ಬಂದು ನೋಡಿಹೋಗುವವಳೂ ಅವಳೇ. ಇವನಲ್ಲಿ ಅವಳಿಗೆ ಕೊಡಲು ಹಣವಿಲ್ಲ, ಅವಳಲ್ಲಿ ಇವನಿಗೆ ಕೊಡಲು ಆಶ್ರಯವಿಲ್ಲ. ಆ ಮನೆಯಲ್ಲಿ ಒಬ್ಬರ ಮುಖವನ್ನು ಒಬ್ಬರು ನಿಜವಾಗಿ ನೋಡುವವರು ಅವರಿಬ್ಬರೇ.

ಮರಿಯಾ ನಸುಕಿನಲ್ಲಿ ಎದ್ದು ಅಡುಗೆಮನೆಗೆ ಬರುವ ದೃಶ್ಯವನ್ನು ಜಗತ್ತಿನ ಚಿತ್ರವಿಮರ್ಶಕರು ಇಂದಿಗೂ ಕೊಂಡಾಡುತ್ತಾರೆ. ಅವಳು ಒಲೆ ಹಚ್ಚುತ್ತಾಳೆ, ಗೋಡೆಯ ಮೇಲಿನ ಇರುವೆಗಳನ್ನು ನೀರಿನಿಂದ ತೊಳೆಯುತ್ತಾಳೆ, ಕುಳಿತಲ್ಲಿಂದಲೇ ಕಾಲು ಚಾಚಿ ಬಾಗಿಲು ಮುಚ್ಚಲು ಯತ್ನಿಸುತ್ತ ಕಾಫಿಬೀಜ ಪುಡಿಮಾಡುತ್ತಾಳೆ. ಕಣ್ಣಲ್ಲಿ ನೀರು ತುಂಬಿರುತ್ತದೆ. ಮಾತಿಲ್ಲ, ವಿಶೇಷ ಘಟನೆಯಿಲ್ಲ. ಹುಡುಗಿಯ ಬೆಳಗಿನ ಕೆಲಸಕ್ಕೆ ಅಷ್ಟು ಹೊತ್ತು ಕೊಡುವ ಧೈರ್ಯ ಅಂದಿನ ಸಿನಿಮಾದಲ್ಲಿ ಅಪರೂಪವಾಗಿತ್ತು.

ವೃದ್ಧನ ಪಾತ್ರ ವಹಿಸಿದ ಕಾರ್ಲೋ ಬತ್ತಿಸ್ತಿ ಅವರು ವೃತ್ತಿನಟರಲ್ಲ. ಫ್ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, 70ರ ಆಸುಪಾಸಿನ ವಿದ್ವಾಂಸರು. ಮರಿಯಾಳ ಪಾತ್ರದ ಮರಿಯಾ ಪಿಯಾ ಕಸೀಲಿಯೋ ಕೂಡ ಕ್ಯಾಮರಾಕ್ಕೆ ಹೊಸಬರು, ಹದಿಹರೆಯದ ಹುಡುಗಿ. ವೃದ್ಧ ಭಿಕ್ಷೆಗೆಂದು ಕೈ ಚಾಚಿ, ದಾರಿಹೋಕ ಹಣ ಕೊಡಲು ನಿಂತಾಗ, ಮಳೆ ಬರುತ್ತಿದೆಯೇ ಎಂದು ಪರೀಕ್ಷಿಸುವವನಂತೆ ಅಂಗೈಯನ್ನು ಬೋರಲು ಮಾಡುವ ಒಂದು ಕ್ಷಣವಿದೆ. ಬಡತನವನ್ನು ಮುಚ್ಚಿಡುವ ಮನೆಯಲ್ಲಿ ಬೆಳೆದವರಲ್ಲದೆ ಬೇರೆಯವರಿಗೆ ಅಂಥ ದೃಶ್ಯ ಹೊಳೆಯುವುದು ಕಷ್ಟವೆಂದು ನಮಗೆ ಅನಿಸುತ್ತದೆ. ಕೊನೆಗೆ ಆತ ಮನೆ ಬಿಟ್ಟು ಹೋಗುವಾಗ ಕಿಟಕಿಯಿಂದ ನೋಡಿ ಬೀಳ್ಕೊಡುವವಳು ಮರಿಯಾ. ನಾಯಿಯೊಡನೆ ರೈಲು ಹಳಿಯವರೆಗೆ ಹೋದ ವೃದ್ಧನನ್ನು ಬದುಕಿಗೆ ಮರಳಿ ಎಳೆಯುವುದು ಹೆದರಿ ತಪ್ಪಿಸಿಕೊಂಡ ಫ್ಲೈಕ್. ಮುನಿದ ನಾಯಿಯನ್ನು ಪೈನ್ ಮರದ ಕಾಯಿಯೊಂದನ್ನು ತೋರಿಸಿ ರಮಿಸುತ್ತ ಆತ ದೂರ ಸಾಗುವಲ್ಲಿ ಚಿತ್ರ ಮುಗಿಯುತ್ತದೆ. ಬಾಡಿಗೆಯ ಬಾಕಿ ತೀರುವುದಿಲ್ಲ, ಮರಿಯಾಳ ಮುಂದಿನ ಗತಿ ತಿಳಿಯುವುದಿಲ್ಲ.

ಈ ಚಿತ್ರವನ್ನು ಡಿ ಸಿಕಾ ತಮ್ಮ ತಂದೆಗೆ ಅರ್ಪಿಸಿದರು. ನಾಯಕನಿಗೂ ತಂದೆಯ ಹೆಸರೇ ಇದೆ.

1952ರ ಜನವರಿಯಲ್ಲಿ ಬಿಡುಗಡೆಯಾದ ‘ಉಂಬರ್ಟೋ ಡಿ’ ಇಟಲಿಯಲ್ಲಿ ಪ್ರೇಕ್ಷಕರನ್ನು ಸೆಳೆಯಲಿಲ್ಲ. ಯುದ್ಧದ ಗಾಯ ಮರೆಯಬೇಕೆಂದಿದ್ದ ಜನಕ್ಕೆ ಮತ್ತೊಂದು ದುಃಖ ಬೇಡವಾಗಿತ್ತು. ಸರ್ಕಾರದಲ್ಲಿ ಚಲನಚಿತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದ, ಮುಂದೆ ಹಲವು ಬಾರಿ ಪ್ರಧಾನಿಯಾದ ಜೂಲಿಯೋ ಆಂದ್ರೆಯೊತ್ತಿ ಅವರು ಬಹಿರಂಗ ಪತ್ರ ಬರೆದು, ಇಂಥ ಚಿತ್ರಗಳಿಂದ ವಿದೇಶಗಳಲ್ಲಿ ಇಟಲಿಯ ಹೆಸರು ಕೆಡುವುದೆಂದು ಆಕ್ಷೇಪಿಸಿದರು. ಸಾಲ ಮತ್ತು ರಫ್ತಿನ ಪರವಾನಗಿ ಸರ್ಕಾರದ ಕೈಯಲ್ಲಿದ್ದ ಕಾಲದಲ್ಲಿ ಅಂಥ ಪತ್ರದ ತೂಕ ಏನೆಂಬುದನ್ನು ನಿರ್ಮಾಪಕರೆಲ್ಲ ಬಲ್ಲರು.

ಕಾಕತಾಳೀಯವೆಂಬಂತೆ, ಅದೇ ಜನವರಿ ತಿಂಗಳಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಆರಂಭವಾಯಿತು. ಬಳಿಕ ಮದರಾಸು, ದೆಹಲಿ, ಕಲ್ಕತ್ತಾಗಳಿಗೂ ಸಾಗಿದ ಆ ಉತ್ಸವದಲ್ಲಿ ‘ಬೈಸಿಕಲ್ ಥೀವ್ಸ್’ ಮತ್ತು ‘ಮಿರಾಕಲ್ ಇನ್ ಮಿಲಾನ್’ ಪ್ರದರ್ಶನಗೊಂಡವು. ಸ್ವದೇಶದಲ್ಲಿ ಡಿ ಸಿಕಾ ಅವರ ಕಲೆ ಅನಾದರಕ್ಕೆ ಗುರಿಯಾದ ದಿನಗಳಲ್ಲೇ, ಇಂದು ನಮ್ಮಲ್ಲಿ ಅನೇಕರು ನೆಲೆಸಿರುವ ಈ ನಗರಗಳಲ್ಲಿ ಅದು ಹೊಸ ಬೀಜ ಬಿತ್ತುತ್ತಿತ್ತು. ಬಿಮಲ್ ರಾಯ್ ಅವರ 1953ರ ‘ದೋ ಬಿಘಾ ಜಮೀನ್’ ಚಿತ್ರದಲ್ಲಿ ಅದರ ಫಲ ಕಾಣಿಸಿತು. ಸತ್ಯಜಿತ್ ರಾಯ್ ಅವರಂತೂ 1950ರಲ್ಲೇ ಲಂಡನ್ನಿನಲ್ಲಿ ‘ಬೈಸಿಕಲ್ ಥೀವ್ಸ್’ ನೋಡಿ, ‘ಪಥೇರ್ ಪಾಂಚಾಲಿ’ಯನ್ನು ಹೊರಾಂಗಣದಲ್ಲಿ, ಹೊಸ ಮುಖಗಳೊಡನೆ ತೆಗೆಯುವ ಸಂಕಲ್ಪ ಮಾಡಿದ್ದರು.

‘ಉಂಬರ್ಟೋ ಡಿ’ ಸೋತ ನಂತರ ಡಿ ಸಿಕಾ ತಮಗೆ ಬೇಕಾದಂಥ ಚಿತ್ರ ತೆಗೆಯುವುದು ದುಸ್ತರವಾಯಿತು. ಅವರು ಮತ್ತೆ ಬಣ್ಣ ಹಚ್ಚಿದರು. 1953ರ ‘ಬ್ರೆಡ್, ಲವ್ ಅಂಡ್ ಡ್ರೀಮ್ಸ್’ ಹಾಸ್ಯಚಿತ್ರದ ಪೊಲೀಸ್ ಅಧಿಕಾರಿಯ ಪಾತ್ರ ಅಪಾರ ಜನಪ್ರಿಯವಾಯಿತು. 1959ರಲ್ಲಿ ರೊಸೆಲಿನಿ ಅವರ ‘ಜನರಲ್ ಡೆಲ್ಲಾ ರೋವೆರೆ’ಯಲ್ಲಿ ಅವರ ಅಭಿನಯ ಎಲ್ಲರ ಮನ್ನಣೆ ಪಡೆಯಿತು. ದುಡಿದದ್ದರಲ್ಲಿ ಬಹುಪಾಲು ಜೂಜಿನ ಮೇಜಿಗೆ ಹೋಯಿತೆಂಬುದನ್ನೂ ಇಲ್ಲಿ ಮುಚ್ಚಿಡಬೇಕಾಗಿಲ್ಲ. ಸಂಸಾರವೂ ಎರಡಾಗಿತ್ತು. ಸ್ಪೇನಿನ ನಟಿ ಮರಿಯಾ ಮೆರ್ಕಾದೆರ್ ಅವರಲ್ಲಿ ಮಾನುಎಲ್ ಮತ್ತು ಕ್ರಿಸ್ತಿಯಾನ್ ಎಂಬ ಇಬ್ಬರು ಗಂಡುಮಕ್ಕಳು. ಇಟಲಿಯಲ್ಲಿ 1970ರವರೆಗೆ ವಿಚ್ಛೇದನದ ಕಾನೂನು ಇರಲಿಲ್ಲವಾಗಿ, ಫ್ರಾನ್ಸಿನ ಪೌರತ್ವ ಪಡೆದು 1968ರಲ್ಲಿ ಅವರನ್ನು ವಿವಾಹವಾದರು. ಹೊಸ ವರ್ಷದ ಹಿಂದಿನ ರಾತ್ರಿ ಒಂದು ಮನೆಯ ಗಡಿಯಾರವನ್ನು ಬದಲಿಸಿಟ್ಟು ಎರಡೂ ಮನೆಯ ಮಕ್ಕಳೊಡನೆ ಸಂಭ್ರಮಿಸುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ.

ಆದರೂ ನಿರ್ದೇಶಕ ಡಿ ಸಿಕಾ ಕಣ್ಮರೆಯಾಗಲಿಲ್ಲ. 1960ರ ‘ಟೂ ವಿಮೆನ್’ ಚಿತ್ರದ ತಾಯಿಯ ಪಾತ್ರ ಸೋಫಿಯಾ ಲಾರೆನ್ ಅವರಿಗೆ ಆಸ್ಕರ್ ತಂದಿತು. 1963ರ ‘ಯೆಸ್ಟರ್‌ಡೇ, ಟುಡೇ ಅಂಡ್ ಟುಮಾರೋ’ ಹಾಗೂ ಫೆರಾರಾ ನಗರದ ಯಹೂದಿ ಕುಟುಂಬದ ದುರಂತವನ್ನು ಹೇಳುವ 1970ರ ‘ದಿ ಗಾರ್ಡನ್ ಆಫ್ ದಿ ಫಿಂಜಿ ಕೊಂತಿನೀಸ್’ ಅತ್ಯುತ್ತಮ ವಿದೇಶಿ ಚಿತ್ರದ ಆಸ್ಕರ್ ಗಳಿಸಿದವು. 1974ರ ನವೆಂಬರ್ 13ರಂದು ಪ್ಯಾರಿಸ್ ಬಳಿಯ ನ್ಯೂಯಿ ಎಂಬಲ್ಲಿ, 73ನೆಯ ವಯಸ್ಸಿನಲ್ಲಿ ಡಿ ಸಿಕಾ ನಿಧನರಾದರು.

ಅಂದು ನಿರಾಕರಿಸಲ್ಪಟ್ಟ ‘ಉಂಬರ್ಟೋ ಡಿ’ ಇಂದು ಜಗತ್ತಿನ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿದೆ. ಹಿರಿಯರೂ ಕಿರಿಯರೂ ಒಂದೇ ಸೂರಿನಡಿ ಇರುವ ನಮ್ಮ ಮನೆಗಳಲ್ಲಿ ಮೂರು ತಲೆಮಾರು ಕೂಡಿ ನೋಡಲು ಇದಕ್ಕಿಂತ ತಕ್ಕ ಚಿತ್ರ ವಿರಳ. ಮರಿಯಾ ಆ ವೃದ್ಧನ ಸಾಲ ತೀರಿಸಲಿಲ್ಲ. ಅವನ ಕೋಣೆಯ ಬಾಗಿಲಲ್ಲಿ ನಿಂತು ಜ್ವರ ಇಳಿಯಿತೇ ಎಂದು ವಿಚಾರಿಸಿದಳು. ಇಡೀ ನಗರದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ತಂದೆಯ ಹೆಸರಿನ ಚಿತ್ರದಲ್ಲಿ ಡಿ ಸಿಕಾ ಅವರು ತಮ್ಮ ಕೀರ್ತಿಯನ್ನೂ ಹಣವನ್ನೂ ಪಣವಾಗಿಟ್ಟು ಕಾಪಾಡಿದ್ದು ಆ ಒಂದು ವಿಚಾರಣೆಯನ್ನು.