ಪುಸ್ತಕಕ್ಕೆ ಹಲವು ಮುಖ ಕಂಡ ಗಣಿತದ ಮೇಷ್ಟರು

ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲಿ ಭತ್ತ ಎಂಬ ಪದವನ್ನು ಹುಡುಕಿದರೆ ಪರದೆಯ ಒಂದು ಬದಿಯಲ್ಲಿ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಭಾಷೆ, ವಿಷಯ, ಸ್ಥಳ, ವರ್ಷ ಎಂಬ ಶೀರ್ಷಿಕೆಗಳು. ಅವುಗಳ ಕೆಳಗಿನ ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಸಂಖ್ಯೆ. ಓದುಗ ಆ ಸಂಖ್ಯೆಯನ್ನು ನಂಬಿ ಮುಂದಿನ ಹೆಜ್ಜೆ ಇಡುತ್ತಾನೆ. ಸೊನ್ನೆ ಎಂದು ಕಂಡರೆ ಅತ್ತ ಸುಳಿಯುವುದೇ ಇಲ್ಲ. ಈ ಪಟ್ಟಿಯ ಹಿಂದಿರುವ ಕಲ್ಪನೆಯನ್ನು ಗಣಕಯಂತ್ರವೇ ಇಲ್ಲದ ಕಾಲದಲ್ಲಿ ರೂಪಿಸಿದವರು ಶಿಯಾಳಿ ರಾಮಾಮೃತ ರಂಗನಾಥನ್. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರ ಜನ್ಮದಿನವಾದ ಆಗಸ್ಟ್ 12 ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಣೆಗೊಳ್ಳುತ್ತಿದೆ.

ರಂಗನಾಥನ್ 1892ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಸ್ನಾತಕೋತ್ತರ ಪದವಿ ಪಡೆದರು. ಮಾತು ತೊದಲುತ್ತಿತ್ತು, ಆದರೂ ಅಧ್ಯಾಪಕನಾಗಬೇಕೆಂಬ ಹಂಬಲ ಬಿಡಲಿಲ್ಲ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಬೋಧನೆ ಆರಂಭಿಸಿ, ಕೊಯಮತ್ತೂರಿನ ಮೂಲಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ತಲುಪಿದರು.

ಒಲ್ಲದ ಹುದ್ದೆ

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಅವರು ನೇಮಕಗೊಂಡರು. ತರಗತಿಯ ಗದ್ದಲಕ್ಕೆ ಒಗ್ಗಿದ್ದ ಅವರಿಗೆ ಓದುಗರೇ ಬಾರದ ಗ್ರಂಥಾಲಯದ ಏಕಾಂತ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ಕಾಲೇಜಿಗೆ ಹೋಗಿ ಹಳೆಯ ಕೆಲಸವನ್ನೇ ಮರಳಿ ಬೇಡಿದರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ವಿಷಯ ಅಧ್ಯಯನ ಮಾಡಿ ಬರಬೇಕು, ಬಳಿಕವೂ ಮನಸ್ಸು ಒಪ್ಪದಿದ್ದರೆ ನೋಡೋಣ ಎಂಬ ಒಪ್ಪಂದವಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಶಿಷ್ಯರಾದ ರಂಗನಾಥನ್ ಅಲ್ಲಿನ ಅನೇಕ ಗ್ರಂಥಾಲಯಗಳನ್ನು ಸುತ್ತಿದರು. ಪುಸ್ತಕಕ್ಕೊಂದು ಸಿದ್ಧ ಗೂಡು ಹುಡುಕಿ ಅದರೊಳಗೆ ತುರುಕುವ ವರ್ಗೀಕರಣ ಅವರಿಗೆ ಒಗ್ಗಲಿಲ್ಲ. ಉತ್ತರ ದೊರೆತದ್ದು ಸೆಲ್ಫ್ರಿಡ್ಜಸ್ ಮಳಿಗೆಯಲ್ಲಿ. ಮೆಕ್ಯಾನೊ ಎಂಬ ಆಟಿಕೆಯ ಅವೇ ಪಟ್ಟಿ, ಸರಳು, ತಿರುಪುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಹಲವು ಆಟಿಕೆಗಳನ್ನು ಕಟ್ಟುವುದನ್ನು ಅವರು ಕಂಡರು. ವಿಷಯವನ್ನೂ ಹೀಗೆಯೇ ಬಿಡಿಭಾಗಗಳಾಗಿ ಬಿಚ್ಚಿ, ಬೇಕಾದಂತೆ ಜೋಡಿಸಬಹುದಲ್ಲ ಎಂಬ ಆಲೋಚನೆ ಅಲ್ಲಿ ಮೊಳೆಯಿತು. 1925ರಲ್ಲಿ ಮದ್ರಾಸಿಗೆ ಮರಳಿದ ಅವರು ಮತ್ತೆ ಕಾಲೇಜಿನ ಹುದ್ದೆ ಕೇಳಲಿಲ್ಲ.

1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಗ್ರಂಥರೂಪದಲ್ಲಿ ಬಂದವು. ಓದುಗನ ಸಮಯ ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ವಿಷಯದ ಭಾಗಗಳನ್ನು ಬೆಸೆಯಲು ಬಳಸಿದ ಎರಡು ಚುಕ್ಕೆಯ ಚಿಹ್ನೆಯೇ ಅದಕ್ಕೆ ಹೆಸರಾಯಿತು. ಭಾರತದಲ್ಲಿ 1950ರಲ್ಲಿ ಎಕ್ಸ್‌ರೇ ಬಳಸಿ ಶ್ವಾಸಕೋಶದ ಕ್ಷಯಕ್ಕೆ ನೀಡಿದ ಚಿಕಿತ್ಸೆಯ ಕುರಿತ ಸಂಶೋಧನೆ ಎಂಬ ಪುಸ್ತಕವಿದೆ ಎನ್ನೋಣ. ಈ ಪದ್ಧತಿಯಲ್ಲಿ ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ ಇವೆಲ್ಲ ಒಂದೇ ಪುಸ್ತಕದ ಬೇರೆ ಬೇರೆ ಮುಖಗಳು. ಯಾವ ಮುಖದಿಂದ ಹುಡುಕಿಕೊಂಡು ಬಂದರೂ ಓದುಗನಿಗೆ ಪುಸ್ತಕ ಸಿಗಬೇಕು.

ಬೆಂಗಳೂರಿನ ವರ್ಷಗಳು

1945ರಲ್ಲಿ ಮದ್ರಾಸ್ ತೊರೆದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ದುಡಿದು, ಕೆಲ ಕಾಲ ಜೂರಿಚ್‌ನಲ್ಲಿದ್ದು, 1957ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿ ಸಂದಿತು. 1961ರಲ್ಲಿ ಪತ್ನಿ ಶಾರದಾ ಅವರ ಹೆಸರು ಸೇರಿಸಿ ದತ್ತಿಯೊಂದನ್ನು ಸ್ಥಾಪಿಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಸಾರ್ವಜನಿಕ ಗ್ರಂಥಾಲಯ ಕಾಯ್ದೆಗಾಗಿ ದಶಕಗಳ ಕಾಲ ವಾದಿಸಿದ್ದ ಅವರು, 1965ರಲ್ಲಿ ಮೈಸೂರು ರಾಜ್ಯ ಅಂಥ ಕಾಯ್ದೆ ತಂದಾಗ ಇದೇ ನಗರದಲ್ಲಿದ್ದರು. ಆ ವರ್ಷವೇ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಗೌರವವೂ ಒಲಿಯಿತು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಎಣಿಕೆಯ ತೊಡಕು

ಎರಡು ದಶಕಗಳ ಬಳಿಕ ಅವರ ಮುಖ ವಿಶ್ಲೇಷಣೆ ಗಣಕಯಂತ್ರದ ಹುಡುಕಾಟಕ್ಕೆ ಅಡಿಪಾಯವಾಗತೊಡಗಿತು. 1998ರಲ್ಲಿ ಎಕ್ಸ್‌ಎಂಎಲ್ ಮಾನಕವಾಯಿತು. ದಾಖಲೆಯ ಲೇಖಕ, ಅಧ್ಯಾಯ, ಸ್ಥಳ, ವರ್ಷ ಎಂಬ ಭಾಗಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿಡುವ ಕ್ರಮವಿದು. ಇಂಥ ದಾಖಲೆಗಳ ಭಂಡಾರದಲ್ಲಿ ಮುಖಗಳನ್ನು ತೋರಿಸುವುದು ಸುಲಭ. ಅವುಗಳ ಪಕ್ಕದ ಸಂಖ್ಯೆಯನ್ನು ಸರಿಯಾಗಿ ಕೊಡುವುದು ಕಷ್ಟ.

ಮೊದಲ ತೊಡಕು ಯಾವುದನ್ನು ಒಂದು ಎಂದು ಎಣಿಸಬೇಕೆಂಬುದು. ಒಂದೇ ಗ್ರಂಥದ ಮೂರು ಅಧ್ಯಾಯಗಳಿಗೆ ಭತ್ತ ಎಂಬ ಚೀಟಿಯಿದ್ದರೆ ಚೀಟಿ ಎಣಿಸುವ ಯಂತ್ರ ಮೂರು ಎನ್ನುತ್ತದೆ. ಓದುಗನಿಗೆ ಸಿಗುವುದು ಒಂದೇ ಗ್ರಂಥ. ಎರಡನೆಯದು ಅಂದಾಜಿನದು. ಭತ್ತ ಮತ್ತು ರೋಗ ಎರಡೂ ಒಂದೇ ಅಧ್ಯಾಯದಲ್ಲಿರಬೇಕೆಂದು ಓದುಗ ಕೇಳಿದರೂ, ಎರಡೂ ಪದ ಒಂದೇ ದಾಖಲೆಯಲ್ಲಿವೆ ಎಂಬುದಷ್ಟೇ ಕೆಲವು ಸೂಚಿಗಳಿಗೆ ಗೊತ್ತಿರುತ್ತದೆ. ಪ್ರತಿ ದಾಖಲೆಯನ್ನೂ ತೆರೆದು ಪರೀಕ್ಷಿಸಿದರೆ ಹೊತ್ತು ಹಿಡಿಯುತ್ತದೆ ಎಂದು ಸೂಚಿಯ ಲೆಕ್ಕವನ್ನೇ ಮುಂದಿಟ್ಟರೆ, ಪಟ್ಟಿಯಲ್ಲಿ 20 ಎಂದಿದ್ದದ್ದು ತೆರೆದಾಗ 17 ಆಗಬಹುದು. ಮೂರನೆಯದು ಆಯ್ಕೆಯದು. ಓದುಗ ಕನ್ನಡವನ್ನು ಆರಿಸಿದೊಡನೆ ಅದೇ ಆಯ್ಕೆಯನ್ನು ಭಾಷೆಯ ಪಟ್ಟಿಗೂ ಹೇರಿದರೆ ತಮಿಳು, ತೆಲುಗುಗಳ ಪಕ್ಕದಲ್ಲಿ ಸೊನ್ನೆ ಬೀಳುತ್ತದೆ, ಪುಸ್ತಕಗಳಿದ್ದೂ ಇಲ್ಲವಾಗುತ್ತವೆ. ಎಲ್ಲ ಫಲಿತಾಂಶಗಳ ಬದಲು ಮೊದಲ ಸಾವಿರವನ್ನಷ್ಟೇ ಎಣಿಸಿದರೂ ಅಪರೂಪದ ವಿಷಯಗಳು ಪಟ್ಟಿಯಿಂದಲೇ ಮಾಯವಾಗಬಹುದು.

ಪರಿಹಾರಗಳು ಇಲ್ಲದಿಲ್ಲ. ಎಣಿಕೆಯ ಘಟಕ ಗ್ರಂಥವೋ ಅಧ್ಯಾಯವೋ ಎಂಬುದನ್ನು ದಾಖಲೆ ಸೇರಿಸುವ ಮೊದಲೇ ನಿರ್ಧರಿಸಬೇಕು. ಅಧ್ಯಾಯವೇ ಘಟಕವಾದರೆ ಸೂಚಿಯನ್ನೂ ಅಧ್ಯಾಯವಾರು ಕಟ್ಟಬೇಕು. ಪ್ರತಿ ಮುಖದ ಮೌಲ್ಯದೊಂದಿಗೆ ಅದಿರುವ ದಾಖಲೆಗಳ ಗುರುತುಸಂಖ್ಯೆ ಇಟ್ಟು, ಒಂದು ಗುರುತನ್ನು ಒಮ್ಮೆ ಮಾತ್ರ ಎಣಿಸಬೇಕು. ಒಂದು ಮುಖದ ಲೆಕ್ಕ ಹಾಕುವಾಗ ಆ ಮುಖದಲ್ಲಿ ಮಾಡಿದ ಆಯ್ಕೆಯನ್ನು ಬದಿಗಿಟ್ಟು ಉಳಿದವುಗಳನ್ನು ಮಾತ್ರ ಅನ್ವಯಿಸಬೇಕು. ಅಂದಾಜು ಅನಿವಾರ್ಯವಾದರೆ ಸುಮಾರು ಎಂದು ಬರೆಯಬೇಕು.

ಇಷ್ಟಾದರೂ ಉಳಿಯುವ ಒಂದು ಅಂಶವಿದೆ. ಇಬ್ಬರು ಲೇಖಕರ ಪುಸ್ತಕ ಇಬ್ಬರ ಹೆಸರಿನಡಿಯೂ ಎಣಿಕೆಯಾಗುವುದರಿಂದ ಲೇಖಕರ ಪಟ್ಟಿಯ ಮೊತ್ತ ಒಟ್ಟು ಪುಸ್ತಕಗಳಿಗಿಂತ ಹೆಚ್ಚಾಗುತ್ತದೆ. ಅದು ತಪ್ಪಲ್ಲ, ಪುಸ್ತಕದ ಸ್ವಭಾವ. ತಪ್ಪಾಗುವುದು ವಿಂಗಡಣೆಯೇ ಅಸ್ಪಷ್ಟವಾದಾಗ. ಕೃಷಿ, ಬೇಸಾಯ ಎಂಬ ಎರಡು ಹೆಸರುಗಳು ಒಂದೇ ಪಟ್ಟಿಯಲ್ಲಿದ್ದರೆ ಎಣಿಕೆ ಎಷ್ಟೇ ನಿಖರವಾಗಿದ್ದರೂ ಓದುಗ ಅರ್ಧ ಪುಸ್ತಕಗಳನ್ನು ಕಳೆದುಕೊಳ್ಳುತ್ತಾನೆ. ಒಂದು ಸಾಲಿನ ವರ್ಗಗಳು ಒಂದರೊಳಗೊಂದು ಹೊಕ್ಕಿರಬಾರದು, ಎಲ್ಲವನ್ನೂ ಒಳಗೊಳ್ಳಬೇಕು ಎಂಬ ನಿಯಮವನ್ನು ರಂಗನಾಥನ್ ವಿಧಿಸಿದ್ದು ಇದಕ್ಕಾಗಿಯೇ. ಸೂಚಿಯ ತಪ್ಪಿನಿಂದ ಬರಿಗೈಯಲ್ಲಿ ಹಿಂದಿರುಗುವ ಓದುಗನಿಗೆ ಆ ಪುಸ್ತಕ ಕಪಾಟಿನಲ್ಲೇ ಇತ್ತೆಂಬುದು ತಿಳಿಯುವುದೂ ಇಲ್ಲ. ಅಂಥ ಓದುಗನನ್ನು ತಪ್ಪಿಸುವುದಕ್ಕೆಂದೇ ಗಣಿತದ ಮೇಷ್ಟರು ಸುಮಾರು ಐದು ದಶಕ ಗ್ರಂಥಾಲಯದಲ್ಲಿ ಉಳಿದರು.