ಹಗ್ಗ ಹರಿದರೂ ಬೀಳದ ವೇದಿಕೆ: ಎಲಿಶಾ ಓಟಿಸ್ ಜೀವನಗಾಥೆ

ಲಿಫ್ಟ್ ಕಂಡುಹಿಡಿದವನು ಯಾರು ಎಂದು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಹುಡುಕಿದರೆ ಎಲಿಶಾ ಗ್ರೇವ್ಸ್ ಓಟಿಸ್ ಎಂಬ ಉತ್ತರ ಸಿಗುತ್ತದೆ. ಈ ಉತ್ತರ ಪೂರ್ತಿ ಸರಿಯಲ್ಲ. ಹಗ್ಗ ಮತ್ತು ರಾಟೆಯ ನೆರವಿನಿಂದ ಭಾರ ಎತ್ತುವ ವಿದ್ಯೆ ಆತನಿಗಿಂತ ಎರಡು ಸಾವಿರ ವರ್ಷಗಳಿಗೂ ಹಳೆಯದು. ಆತ ಹುಟ್ಟಿದ ಶತಮಾನದ ಮೊದಲರ್ಧದಲ್ಲೇ ಅಮೆರಿಕ ಮತ್ತು ಇಂಗ್ಲೆಂಡಿನ ಕಾರ್ಖಾನೆ, ಗೋದಾಮುಗಳಲ್ಲಿ ಮೇಲಿನ ಮಹಡಿಗಳಿಗೆ ಸರಕು ಸಾಗಿಸುವ ವೇದಿಕೆಗಳು ಬಳಕೆಗೆ ಬಂದಿದ್ದವು. ಅವುಗಳಿಗೆ ಇದ್ದ ಭಯ ಒಂದೇ. ಸವೆದ ಹಗ್ಗ ತುಂಡಾದರೆ ಸರಕೂ, ಸರಕಿನೊಡನೆ ನಿಂತಿದ್ದ ಕೆಲಸಗಾರನೂ ಒಟ್ಟಿಗೇ ನೆಲಕ್ಕೆ ಅಪ್ಪಳಿಸಬೇಕಾಗಿತ್ತು. ಓಟಿಸ್ ಕಂಡುಹಿಡಿದದ್ದು ಲಿಫ್ಟನ್ನಲ್ಲ, ಆ ಬೀಳುವಿಕೆಯನ್ನು ತಡೆಯುವ ಉಪಾಯವನ್ನು.

1811ರ ಆಗಸ್ಟ್ 3ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಹ್ಯಾಲಿಫ್ಯಾಕ್ಸ್ ಎಂಬಲ್ಲಿ ಜನಿಸಿದ ಓಟಿಸ್, ಮನೆಯ ಆರು ಮಕ್ಕಳಲ್ಲಿ ಕಿರಿಯ. ಹತ್ತೊಂಬತ್ತರ ಸುಮಾರಿಗೆ ಮನೆ ಬಿಟ್ಟು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣ ಸೇರಿದ. 1834ರಲ್ಲಿ ಮದುವೆಯಾಯಿತು. ಚಾರ್ಲ್ಸ್ ಮತ್ತು ನಾರ್ಟನ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು. ನ್ಯುಮೋನಿಯಾ ಆತನನ್ನು ಸಾವಿನ ಅಂಚಿಗೆ ಒಯ್ದು ಬಿಟ್ಟಿತು. ವರ್ಮಾಂಟಿಗೆ ಮರಳಿ, ನದಿಯ ದಡದಲ್ಲಿ ಹಿಟ್ಟಿನ ಗಿರಣಿ ಕಟ್ಟಿದ, ಆದಾಯ ಸಾಲಲಿಲ್ಲ. ಅದನ್ನೇ ಮರ ಕೊಯ್ಯುವ ಗಿರಣಿಯಾಗಿ ಮಾರ್ಪಡಿಸಿದ, ಗಿರಾಕಿಗಳು ಬರಲಿಲ್ಲ. ಕೊನೆಗೆ ಕುದುರೆಗಾಡಿಗಳನ್ನು ತಯಾರಿಸಲು ತೊಡಗಿದ. ಈ ಕಸುಬು ಕೈಹಿಡಿಯಿತು, ಆದರೆ ಅಷ್ಟರಲ್ಲಿ ಪತ್ನಿ ತೀರಿಕೊಂಡಳು.

ಪುಟ್ಟ ಮಕ್ಕಳೊಡನೆ ಆಲ್ಬನಿ ನಗರಕ್ಕೆ ಬಂದ ಓಟಿಸ್ ಮಂಚ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮಂಚದ ಅಡ್ಡಪಟ್ಟಿಗಳನ್ನು ನಾಲ್ಕು ಪಟ್ಟು ವೇಗವಾಗಿ ತಯಾರಿಸುವ ಯಂತ್ರವೊಂದನ್ನು ರೂಪಿಸಿದ್ದಕ್ಕೆ ಮಾಲೀಕ 500 ಡಾಲರ್ ಇನಾಮು ಕೊಟ್ಟ. ಆ ಹಣದಿಂದ ಸ್ವಂತ ಕಾರ್ಯಾಗಾರ ತೆರೆದ. ಯಂತ್ರಗಳು ನಡೆಯುತ್ತಿದ್ದದ್ದು ಹರಿಯುವ ತೊರೆಯ ಬಲದಿಂದ. ನಗರಾಡಳಿತ ಕುಡಿಯುವ ನೀರಿಗಾಗಿ ಆ ತೊರೆಯನ್ನೇ ತಿರುಗಿಸಿಕೊಂಡಿತು. ಕಾರ್ಯಾಗಾರ ಮುಚ್ಚಿತು. ಇಷ್ಟು ಸೋಲುಗಳ ನಂತರವೂ ಮತ್ತೊಮ್ಮೆ ಆರಂಭಿಸುವ ಛಲ ಆತನಲ್ಲಿ ಉಳಿದಿದ್ದದ್ದೇ ಅಚ್ಚರಿ.

1852ರಲ್ಲಿ ಓಟಿಸ್ ನ್ಯೂಯಾರ್ಕ್ ಸಮೀಪದ ಯಾಂಕರ್ಸ್‌ನಲ್ಲಿದ್ದ. ಹಳೆಯ ಗರಗಸದ ಗಿರಣಿಯೊಂದನ್ನು ಮಂಚದ ಕಾರ್ಖಾನೆಯಾಗಿ ಬದಲಿಸುವ ಹೊಣೆ ಆತನದು. ಭಾರವಾದ ಸಾಮಗ್ರಿಗಳನ್ನು ಮೇಲಿನ ಮಹಡಿಗೆ ಸಾಗಿಸಬೇಕಿತ್ತು. ಹಗ್ಗವನ್ನು ಇನ್ನಷ್ಟು ದಪ್ಪ ಮಾಡುವುದು ಯಾರಿಗಾದರೂ ಹೊಳೆಯುವ ಪರಿಹಾರ. ಓಟಿಸ್ ಬೇರೆ ದಾರಿ ಹಿಡಿದ. ಹಗ್ಗ ಎಷ್ಟೇ ದಪ್ಪವಿರಲಿ, ಅದು ಒಂದು ದಿನ ಹರಿದೇ ಹರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕಿದ.

ಇಲ್ಲಿ ಆತನ ನೆರವಿಗೆ ಬಂದದ್ದು ಗಾಡಿ ಕಟ್ಟಿದ ಅನುಭವ. ಇಂದಿನ ಲಾರಿಗಳ ಅಡಿಯಲ್ಲೂ ಕಾಣುವ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಗಾಡಿಯ ಸ್ಪ್ರಿಂಗನ್ನು ವೇದಿಕೆಯ ಮೇಲಿನ ತೊಲೆಗೆ ಅಳವಡಿಸಿ, ಎತ್ತುವ ಹಗ್ಗವನ್ನು ಅದಕ್ಕೆ ಬಿಗಿದ. ವೇದಿಕೆ ಏರಿಳಿಯುವ ದಾರಿಯ ಎರಡೂ ಬದಿಯ ಕಂಬಗಳಿಗೆ ಗರಗಸದಂತಹ ಹಲ್ಲುಪಟ್ಟಿಗಳನ್ನು ಜಡಿದ. ಭಾರ ತೂಗುತ್ತಿರುವಷ್ಟು ಕಾಲ ಹಗ್ಗದ ಎಳೆತಕ್ಕೆ ಸ್ಪ್ರಿಂಗ್ ಬಾಗಿಯೇ ಇರುತ್ತದೆ, ವೇದಿಕೆ ಸರಾಗವಾಗಿ ಚಲಿಸುತ್ತದೆ. ಹಗ್ಗ ಹರಿದ ಕ್ಷಣವೇ ಎಳೆತ ತಪ್ಪಿ ಸ್ಪ್ರಿಂಗ್ ಹಿಗ್ಗುತ್ತದೆ. ಅದಕ್ಕೆ ಸೇರಿದ ಕೊಂಡಿಗಳು ಎರಡೂ ಬದಿಯ ಹಲ್ಲುಗಳಿಗೆ ಸಿಕ್ಕಿಕೊಂಡು ವೇದಿಕೆಯನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಯಾರೂ ಸನ್ನೆ ಎಳೆಯಬೇಕಾಗಿಲ್ಲ, ಕೂಗಿ ಎಚ್ಚರಿಸಬೇಕಾಗಿಲ್ಲ.

ಅಂದಹಾಗೆ, ಫೋರ್ಕ್‌ಲಿಫ್ಟಿನ ಮೇಲೆ ಬರಿಯ ಮರದ ಹಲಗೆ ಇಟ್ಟು, ಅದರ ಮೇಲೆ ಆಳನ್ನು ನಿಲ್ಲಿಸಿ ಎತ್ತರದ ರ‍್ಯಾಕಿಗೆ ಏರಿಸುವುದೂ 1852ಕ್ಕೆ ಹಿಂದಿನ ತಪ್ಪೇ. ಅಲ್ಲಿ ಕಂಬಿಯಿಲ್ಲ, ಕಾಲು ಜಾರಿದರೆ ಹಿಡಿಯಲು ಏನೂ ಇಲ್ಲ. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯ್ದೆಯ 28ನೇ ಕಲಮು ಲಿಫ್ಟ್ ಮತ್ತು ಎತ್ತುಯಂತ್ರಗಳ ಬಗ್ಗೆ ಹೇಳಿದ್ದೂ ಬಹುಮಟ್ಟಿಗೆ ಓಟಿಸ್‌ನ ತರ್ಕವನ್ನೇ. ಆರು ತಿಂಗಳಿಗೊಮ್ಮೆಯಾದರೂ ಸಮರ್ಥ ವ್ಯಕ್ತಿಯಿಂದ ತಪಾಸಣೆ, ಹೊರಬಹುದಾದ ಗರಿಷ್ಠ ಭಾರದ ಸ್ಪಷ್ಟ ನಮೂದು, ದಾರಿಯ ಸುತ್ತ ಆವರಣ ಮತ್ತು ಬಾಗಿಲು, ಜನರನ್ನು ಒಯ್ಯುವಲ್ಲಿ ಕನಿಷ್ಠ ಎರಡು ಹಗ್ಗ ಅಥವಾ ಸರಪಳಿ. ಅವೂ ಹರಿದರೆ ತೊಟ್ಟಿಲನ್ನು ಹಿಡಿದು ನಿಲ್ಲಿಸುವ ಸಾಧನ. ಹರಿಯುವುದು ಸಾಧ್ಯ ಎಂದು ಕಾನೂನೇ ಒಪ್ಪಿಕೊಂಡಿತ್ತು.

ತನ್ನ ಉಪಾಯದ ಬೆಲೆ ಓಟಿಸ್‌ಗೇ ಮೊದಲು ತಿಳಿಯಲಿಲ್ಲ. ಪೇಟೆಂಟ್ ಮಾಡಿಸಲಿಲ್ಲ. ಕಾರ್ಖಾನೆಯ ವ್ಯವಹಾರ ಕುಸಿದಾಗ ಎಲ್ಲರಂತೆ ಚಿನ್ನ ಅರಸಿ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಯೋಚನೆಯಲ್ಲಿದ್ದ. ಆಗಲೇ, 1853ರಲ್ಲಿ, ನ್ಯೂಯಾರ್ಕಿನ ಪೀಠೋಪಕರಣ ತಯಾರಕನೊಬ್ಬ ತಲಾ 300 ಡಾಲರ್‌ನಂತೆ ಎರಡು ಎತ್ತುವೇದಿಕೆಗಳಿಗೆ ಬೇಡಿಕೆ ಸಲ್ಲಿಸಿದ. ಪ್ರಯಾಣ ನಿಂತಿತು. ಆದರೆ ಆ ಬಳಿಕ ಗಿರಾಕಿಗಳು ಸಾಲುಗಟ್ಟಲಿಲ್ಲ. ನಡೆಯದ ಅಪಘಾತವನ್ನು ಯಾರಿಗೆ ತೋರಿಸಿ ಮಾರುವುದು?

ಓಟಿಸ್ ಅಪಘಾತವನ್ನೇ ನಡೆಸಿ ತೋರಿಸಿದ. ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಕೈಗಾರಿಕಾ ವಸ್ತುಪ್ರದರ್ಶನ ನಡೆಯುತ್ತಿತ್ತು. 1854ರಲ್ಲಿ ಅಲ್ಲಿ ತೆರೆದ ವೇದಿಕೆಯೊಂದನ್ನು ನಿಲ್ಲಿಸಿ, ಸರಕಿನೊಡನೆ ತಾನೇ ಹತ್ತಿ ನಿಂತು, ಜನರ ತಲೆಗಳಿಗಿಂತ ಬಹಳ ಮೇಲಕ್ಕೆ ಏರಿದ. ಏಕೈಕ ಆಧಾರವಾಗಿದ್ದ ಹಗ್ಗವನ್ನು ಕಡಿಯುವಂತೆ ಆಜ್ಞಾಪಿಸಿದ. ಹಗ್ಗ ತುಂಡಾಯಿತು. ವೇದಿಕೆ ಕೆಲವೇ ಅಂಗುಲ ಕುಸಿದು ನಿಂತಿತು. ಟೋಪಿ ತೆಗೆದು ತಾನು ಸುರಕ್ಷಿತನೆಂದು ಓಟಿಸ್ ಸಾರಿದ. ಈ ಪ್ರಯೋಗವನ್ನು ಆತ ಮತ್ತೆ ಮತ್ತೆ ಮಾಡಿದ. ಮಾರಾಟದ ತಂತ್ರವೆಂದು ಇದನ್ನು ಹಗುರಾಗಿ ಕಾಣುವವರಿದ್ದಾರೆ. ಆದರೆ ತಾನು ಮಾಡಿದ ಯಂತ್ರಕ್ಕೆ ಮೊದಲು ತನ್ನ ಪ್ರಾಣವನ್ನೇ ಒಡ್ಡಿದ ತಯಾರಕರು ಎಷ್ಟು ಮಂದಿ?

1857ರ ಮಾರ್ಚ್ 23ರಂದು ಬ್ರಾಡ್‌ವೇಯ ಹಾವೌಟ್ ಮಳಿಗೆಯಲ್ಲಿ, ಪಿಂಗಾಣಿ ಮತ್ತು ಗಾಜಿನ ಸಾಮಾನು ಮಾರುವ ಐದು ಮಹಡಿಗಳ ಕಟ್ಟಡದಲ್ಲಿ, ಓಟಿಸ್‌ನ ಪ್ರಯಾಣಿಕರ ಲಿಫ್ಟ್ ಓಡಾಟ ಆರಂಭಿಸಿತು. ಉಗಿಯಂತ್ರದಿಂದ ನಡೆಯುತ್ತಿದ್ದ ಅದರ ವೇಗ ಮಿನಿಟಿಗೆ ಸುಮಾರು 40 ಅಡಿ. ಗಿರಾಕಿಗಳು ಅದನ್ನು ಅಷ್ಟಾಗಿ ನಂಬಲಿಲ್ಲ. ಕೆಲವು ವರ್ಷಗಳಲ್ಲೇ ಅದು ನಿಂತುಹೋಯಿತು. ರೈಲಿನ ಬ್ರೇಕು, ಉಗಿ ನೇಗಿಲು, ರೊಟ್ಟಿ ಸುಡುವ ಒಲೆ ಎಂದು ಓಟಿಸ್‌ನ ಮನಸ್ಸು ಹತ್ತು ಕಡೆ ಹರಿಯುತ್ತಿತ್ತು. ಹಣ ಮಾತ್ರ ಕೈಯಲ್ಲಿ ನಿಲ್ಲಲಿಲ್ಲ.

ಉಗಿಚಾಲಿತ ಲಿಫ್ಟಿನ ಪೇಟೆಂಟ್ ದೊರೆತದ್ದು 1861ರ ಜನವರಿಯಲ್ಲಿ. ಅದೇ ವರ್ಷ ಏಪ್ರಿಲ್ 8ರಂದು ಗಂಟಲುಮಾರಿ ರೋಗಕ್ಕೆ ತುತ್ತಾಗಿ ಓಟಿಸ್ ಯಾಂಕರ್ಸ್‌ನಲ್ಲಿ ನಿಧನನಾದ. ವಯಸ್ಸು 49. ಮಕ್ಕಳ ಪಾಲಿಗೆ ಬಂದದ್ದು ಪುಟ್ಟ ಕಾರ್ಯಾಗಾರ ಮತ್ತು ಸಾಲ. ಚಾರ್ಲ್ಸ್ ಮತ್ತು ನಾರ್ಟನ್ ಅದನ್ನು ಬಿಡದೆ ನಡೆಸಿದರು. 1889ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರ ತೆರೆದಾಗ, ಅದರ ಓರೆಯಾದ ಕಾಲುಗಳೊಳಗೆ ಜನರನ್ನು ಹೊತ್ತು ಏರಿದ ಲಿಫ್ಟ್‌ಗಳಲ್ಲಿ ಕೆಲವು ಓಟಿಸ್ ಸಹೋದರರ ಕಂಪನಿ ಕಟ್ಟಿದ್ದವು.